ಅಮಾವಾಸ್ಯೆ, ಪೇಟಿ ಮಾಸ್ತರು, ವಸ್ತಿ ಬಸ್ಸು: ಕೊಪ್ಪಳ ಸೀಮೆಯಲ್ಲಿ ಸ್ವಂತ ಹಾಡುಗಾರರನ್ನು ಎದುರು ಕೂತು ಕೇಳಲು

ಪ್ರಶ್ನೆ: ಕೆಲಸದ ಮೇಲೆ ಕೊಪ್ಪಳಕ್ಕೆ ಬಂದು ಆರು ತಿಂಗಳಾಯಿತು. ಬೆಂಗಳೂರಿನಲ್ಲಿದ್ದಾಗ ಸಣ್ಣ ಬ್ಯಾಂಡ್‌ಗಳ ಶೋಗಳಿಗೆ ತಪ್ಪದೆ ಹೋಗುತ್ತಿದ್ದೆ. ಸ್ವಂತ ಹಾಡು ಕಟ್ಟಿ ಹಾಡುವವರನ್ನು ಎದುರು ಕೂತು ಕೇಳುವುದೇ ನನ್ನ ಹುಚ್ಚು. ಇಲ್ಲಿ ಸಿನಿಮಾ ಹಾಡಿನ ಆರ್ಕೆಸ್ಟ್ರಾ ಬಿಟ್ಟರೆ ಏನೂ ಕಾಣುತ್ತಿಲ್ಲ. ಟಿಕೆಟ್ ಆ್ಯಪ್‌ನಲ್ಲಿ ಕೊಪ್ಪಳ ಅಂತ ಹಾಕಿದರೆ ಹುಬ್ಬಳ್ಳಿ ತೋರಿಸುತ್ತದೆ. ಈ ಭಾಗದಲ್ಲಿ ಅಂಥವರು ಇಲ್ಲವೇ? ಇದ್ದರೆ ಪತ್ತೆ ಹೇಗೆ? ರೆಕಾರ್ಡ್ ಮಾಡಿಕೊಳ್ಳಬಹುದೇ? ಗಿಟಾರ್ ನುಡಿಸುತ್ತೇನೆ, ಜೊತೆಗೂಡಲು ಆದೀತೇ?
— ಓದುಗರು, ಕೊಪ್ಪಳ

ಉತ್ತರ: ಇದ್ದಾರೆ, ಬೇಕಾದಷ್ಟು ಮಂದಿ. ಅವರು ಟಿಕೆಟ್ ಮಾರುವುದಿಲ್ಲ, ಕೆಫೆಯಲ್ಲಿ ಹಾಡುವುದಿಲ್ಲ, ಇಂಡೀ ಅಂತ ಹೇಳಿಕೊಳ್ಳುವುದೂ ಇಲ್ಲ. ಹಾಗಾಗಿ ಆ್ಯಪ್‌ಗೆ ಸಿಗುವುದಿಲ್ಲ, ಅಷ್ಟೇ. ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಪದ ಕಟ್ಟಿ ತಾವೇ ಜನರ ಮುಂದೆ ಹಾಡುವವರನ್ನು ಹುಡುಕುವುದಾದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ನಾಲ್ಕು ಬಗೆಯವರು ಸಿಗುತ್ತಾರೆ. ಮಠ, ಗುಡಿಗಳಲ್ಲಿ ತತ್ವಪದ ಹಾಡುವ ಭಜನಾ ಮಂಡಳಿಗಳವರು ಒಂದು. ಡೊಳ್ಳಿನ ಪದ, ಮೊಹರಂನಲ್ಲಿ ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಹಾಡುವ ಮೇಳಗಳವರು ಇನ್ನೊಂದು. ಸಣ್ಣ ಸ್ಟುಡಿಯೋದಲ್ಲಿ ‘ಜಾನಪದ’ ಹಾಡು ಮಾಡಿ ಯೂಟ್ಯೂಬ್‌ಗೆ ಬಿಟ್ಟು, ಜಾತ್ರೆಯ ರಸಮಂಜರಿಯಲ್ಲಿ ಅದನ್ನೇ ಹಾಡುವ ಹುಡುಗ ಹುಡುಗಿಯರು ಮೂರನೆಯವರು. ಕಾಲೇಜಿನ ರ್‍ಯಾಪ್ ಮತ್ತು ಗಿಟಾರ್ ಗುಂಪುಗಳು ಕೊನೆಗೆ. ನೀವು ಹುಡುಕುತ್ತಿರುವುದು ಬಹುಶಃ ಈ ಕೊನೆಯವರನ್ನೇ, ಮತ್ತು ಸಂಖ್ಯೆಯಲ್ಲಿ ಅವರೇ ಕಡಿಮೆ.

ಪತ್ತೆ ಹಚ್ಚುವ ದಾರಿ ಒಂದೇ: ಹಾಡುಗಾರರ ಬೆನ್ನು ಹತ್ತಬೇಡಿ, ಪೇಟಿ ಮಾಸ್ತರನ್ನು ಹಿಡಿಯಿರಿ. ಈ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಹಾಡುವವರು ಊರಿಗೆ ಹತ್ತು ಜನ ಇದ್ದರೆ ಪೇಟಿ ನುಡಿಸುವವರು ಒಬ್ಬರು, ಕೆಲವು ಊರಲ್ಲಿ ಅವರೂ ಇಲ್ಲ. ಆದ್ದರಿಂದ ಒಬ್ಬ ಪೇಟಿ ಮಾಸ್ತರು ಸುತ್ತಲಿನ ನಾಲ್ಕೈದು ಮಂಡಳಿಗಳಿಗೆ ಬೇಕಾದವರಾಗಿರುತ್ತಾರೆ. ಯಾವ ಊರಲ್ಲಿ ಯಾವಾಗ ಭಜನೆ, ಯಾವ ಮಂಡಳಿಯಲ್ಲಿ ಹೊಸದಾಗಿ ಪದ ಬರೆಯುವವರು ಇದ್ದಾರೆ, ಎಲ್ಲಿ ಸ್ಪರ್ಧೆ ಇಟ್ಟಿದ್ದಾರೆ, ಎಲ್ಲಾ ಅವರ ತಲೆಯಲ್ಲಿರುತ್ತದೆ. ಭಜನೆಯ ನಡುವೆ ಚಹಾಕ್ಕೆ ಬಿಟ್ಟಾಗ ಹೋಗಿ, “ಮಾಸ್ತರ್ರೀ, ಮುಂದಿನ ಅಮಾಸಿಗೆ ಎಲ್ಲದೀರಿ?” ಅಂತ ಕೇಳಿ. ನಂಬರ್ ತಗೊಂಡು ಅಮಾವಾಸ್ಯೆಗೆ ಎರಡು ದಿನ ಇರುವಾಗ ಫೋನ್ ಮಾಡಿ. ವಾರ ಮುಂಚೆ ಕೇಳಿದರೆ ಅವರಿಗೇ ಗೊತ್ತಿರುವುದಿಲ್ಲ. ರಸಮಂಜರಿಯ ಕಡೆ ಇದೇ ಕೆಲಸಕ್ಕೆ ಬರುವವರು ಮೈಕ್ ಸೆಟ್‌ನವರು. ಮುಂದಿನ ತಿಂಗಳ ಬುಕ್ಕಿಂಗ್ ಅವರ ಡೈರಿಯಲ್ಲಿರುತ್ತದೆ.

ಇನ್ನು ದಿನಗಳ ಲೆಕ್ಕ. ಇಲ್ಲಿಯ ಹಾಡು ಶನಿವಾರ ಭಾನುವಾರ ನೋಡಿ ನಡೆಯುವುದಿಲ್ಲ, ಚಂದ್ರನನ್ನು ನೋಡಿ ನಡೆಯುತ್ತದೆ. ಮಠಗಳಲ್ಲಿ ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ರಾತ್ರಿ ಭಜನೆ ಇರುತ್ತದೆ. ಶ್ರಾವಣದಲ್ಲಿ ತಿಂಗಳಿಡೀ ಸಂಜೆ ಭಜನೆ, ಸೋಮವಾರ ಜಾಸ್ತಿ ಜೋರು. ಪುರಾಣ ಪ್ರವಚನ ಹಚ್ಚಿದ ಊರಲ್ಲಿ ಪ್ರವಚನಕಾರರ ಪಕ್ಕ ಒಬ್ಬ ಗವಾಯಿ, ಒಬ್ಬ ತಬಲಾದವರು ಇರುತ್ತಾರೆ. ಎಷ್ಟೋ ಸಲ ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪ್ರವಚನದ ನಡುವಿನ ಆ ಹತ್ತು ಹದಿನೈದು ನಿಮಿಷದ ಹಾಡಿಗಾಗಿಯೇ ಹೋಗಬಹುದು. ನಿಮ್ಮ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಬನದ ಹುಣ್ಣಿಮೆಯ ಬೆನ್ನಿಗೇ, ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಅಲ್ಲಿಂದ ಬೇಸಿಗೆ ಮುಗಿಯುವವರೆಗೆ ಸುತ್ತಲಿನ ಊರುಗಳಲ್ಲಿ ಜಾತ್ರೆಯ ಸಾಲು. ಮೊಹರಂ ಮಾತ್ರ ಹಿಜರಿ ಲೆಕ್ಕದ್ದು, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಕಳೆದ ವರ್ಷದ ತಾರೀಖು ಹಿಡಿದು ರಜೆ ಹಾಕಿದರೆ ತಪ್ಪುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ನೀರಾವರಿ ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ: ಭತ್ತದ ಕೊಯ್ಲು ಬಿದ್ದಾಗ ಮಂಡಳಿಯವರು ಸೇರುವುದೇ ಇಲ್ಲ. ಆ ದಿನಗಳಲ್ಲಿ ಮಳೆಯಾಶ್ರಿತ ಕಡೆ, ಅಂದರೆ ಕುಷ್ಟಗಿ, ಯಲಬುರ್ಗಾದ ಕಡೆ ಹೊರಳಿಕೊಳ್ಳಿ.

ಹೋಗಿ ಬರುವುದಕ್ಕೆ ವಸ್ತಿ ಬಸ್ಸಿಗಿಂತ ಒಳ್ಳೆಯದಿಲ್ಲ. ಸಂಜೆ ತಾಲ್ಲೂಕು ಸ್ಟ್ಯಾಂಡಿನಿಂದ ಹೊರಟು ಊರಲ್ಲೇ ರಾತ್ರಿ ನಿಂತು, ಬೆಳಗ್ಗೆ ಮೊದಲ ಟ್ರಿಪ್ಪಾಗಿ ವಾಪಸ್ ಬರುವ ಬಸ್ಸು ಅದು. ಭಜನೆ ರಾತ್ರಿ ಊಟದ ಮೇಲೆ ಶುರುವಾಗಿ ಬೆಳಗಿನ ಜಾವಕ್ಕೆ ಮಂಗಳಾರತಿಯಾಗುವುದರಿಂದ ಸಮಯ ಸರಿಯಾಗಿ ಕೂಡುತ್ತದೆ. ಯಾವ ಊರಿಗೆ ವಸ್ತಿ ಇದೆ ಅಂತ ಸ್ಟ್ಯಾಂಡಿನ ಕಂಟ್ರೋಲರನ್ನು ಕೇಳಿದರೆ ಹೇಳುತ್ತಾರೆ. ಸ್ವಂತ ಬೈಕಿನಲ್ಲಿ ಹೋಗಿ ನಿದ್ದೆಗಣ್ಣಲ್ಲಿ ನಾಲ್ಕು ಗಂಟೆಗೆ ವಾಪಸ್ ಹೊರಡುವುದು ಬೇಡ. ಆ ಹೊತ್ತಿಗೆ ರಸ್ತೆಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ನಿಂತಿರುತ್ತವೆ.

ಮಠದಲ್ಲಿ ಕೂತು ಕೇಳುವಾಗ ‘ಇದು ಸ್ವಂತ ಹಾಡೇ, ಹಳೆಯದೇ’ ಅಂತ ತಿಳಿಯುವುದು ಹೇಗೆ? ಕೊನೆಯ ನುಡಿ ಬರುವವರೆಗೆ ಕಾಯಿರಿ. ಪದ ಕಟ್ಟಿದವರು ತಮ್ಮ ಅಂಕಿತವನ್ನು, ಅಂದರೆ ಗುರುತಿನ ಹೆಸರನ್ನು, ಅಲ್ಲೇ ಇಟ್ಟಿರುತ್ತಾರೆ. ‘ಶಿಶುನಾಳಾಧೀಶ’ ಬಂದರೆ ಶರೀಫರದು. ರಾಯಚೂರಿನ ಹೆಂಗಸರ ದಾಸರ ಪದದ ಮಂಡಳಿಗಳಲ್ಲಿ ‘ಜಗನ್ನಾಥ ವಿಠಲ’ ಕೇಳಿದರೆ ಮಾನ್ವಿಯ ಜಗನ್ನಾಥದಾಸರದು, ‘ವಿಜಯ ವಿಠಲ’ ಕೇಳಿದರೆ ವಿಜಯದಾಸರದು. ಇಂಥ ಗುರುತಿನ ಅಂಕಿತ ಬಿಟ್ಟು, ಹತ್ತಿರದ ಯಾವುದೋ ಊರಿನ ಹೆಸರು, ಆ ಊರ ದೇವರ ಹೆಸರು, ಒಬ್ಬ ಗುರುವಿನ ಹೆಸರು ಒಂದೇ ಸಾಲಿನಲ್ಲಿ ಬಂತೆಂದರೆ ಕಿವಿ ನಿಮಿರಬೇಕು. ಅದು ಈ ಸೀಮೆಯವರೇ ಕಟ್ಟಿದ್ದು. ಪದ ಮುಗಿದ ಕೂಡಲೇ ಪಕ್ಕದವರನ್ನು “ಇದು ಯಾರ ಪದಾರೀ?” ಅಂತ ಕೇಳಿ. ಕಟ್ಟಿದವರು ಅಲ್ಲೇ ಹಿಮ್ಮೇಳದಲ್ಲಿ ತಾಳ ಹಾಕುತ್ತ ಕೂತಿದ್ದರೂ ಆಶ್ಚರ್ಯವಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ತಿಥಿ, ಊರು, ಮಂಡಳಿ, ಪೇಟಿ ಯಾರದು, ಪದದ ಮೊದಲ ಸೊಲ್ಲು, ಕೊನೆಯ ಅಂಕಿತ ಇಷ್ಟನ್ನು ಬರೆದುಕೊಳ್ಳುತ್ತ ಹೋಗಿ. ಫೋನಿನಲ್ಲಿ ಬರೆದರೆ ಆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಆರೇಳು ಅಮಾವಾಸ್ಯೆ ಆದಮೇಲೆ ಒಂದೇ ಅಂಕಿತ ಮೂರು ಊರಲ್ಲಿ ಬಂದದ್ದು ಕಂಡರೆ, ನೀವು ಹುಡುಕಬೇಕಾದ ಮನುಷ್ಯ ಅವರೇ.

ಕೂಡುವ ಜಾಗದ ಬಗ್ಗೆ ಒಂದು ಮಾತು. ಹಾಡುವವರ ಜಮಖಾನದ ಮೇಲೆ ಕೂಡಬೇಡಿ, ಅಂಚಿನಿಂದ ಒಂದು ಮೊಳ ಈಚೆ ಇರಿ. ದಮ್ಮಡಿ ಅನ್ನುವ ಚರ್ಮವಾದ್ಯ ಬಾರಿಸುವವರ ಎದುರು ಕೂತರೆ ಮಾತು ಒಂದೂ ಕೇಳಿಸದು. ಮುಂದೆ ಹಾಡುವವರ ಎಡಕ್ಕೋ ಬಲಕ್ಕೋ, ಶ್ರುತಿ ಹಿಡಿಯುವ ಏಕತಾರಿ ಇರುವ ಕಡೆ ಕೂತರೆ ಸಾಹಿತ್ಯ ಬಿಡಿಬಿಡಿಯಾಗಿ ಸಿಗುತ್ತದೆ. ನುಡಿಯ ನಡುವೆ ಏಳಬೇಡಿ, ಹಿಮ್ಮೇಳ ಸೊಲ್ಲು ಎತ್ತಿಕೊಂಡಾಗ ಏಳಿ. ಕಾಣಿಕೆ ಕೊಡುವುದಾದರೆ 51, 101 ಹೀಗೆ ಕೊಡುವುದು ರೂಢಿ, ಅದನ್ನು ಪೇಟಿಯ ಮೇಲೆ ಇಟ್ಟು ಬನ್ನಿ. ತೀರ ಹತ್ತಿರ ಹೋಗಿ ಹಾಡುವವರ ಕಿಸೆಗೆ ತುರುಕುವುದು ರಸಮಂಜರಿಯ ಚಾಳಿ, ಮಠದಲ್ಲಿ ಚೆನ್ನಾಗಿ ಕಾಣುವುದಿಲ್ಲ.

ಡೊಳ್ಳಿನ ಪದದ ರುಚಿಯೇ ಬೇರೆ. ಬೀರಲಿಂಗೇಶ್ವರನ ಗುಡಿ, ಮಾಳಿಂಗರಾಯನ ಗುಡಿಗಳ ಜಾತ್ರೆಯಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಪುರಾಣದ ಒಂದು ಗಂಟು ಹಾಕಿ ನಿಲ್ಲಿಸುತ್ತದೆ, ಇನ್ನೊಂದು ಮೇಳ ಪದದಲ್ಲೇ ಬಿಚ್ಚಬೇಕು. ಸವಾಲು ಜವಾಬು ಬೆಳಗಿನವರೆಗೂ ಎಳೆಯುತ್ತದೆ. ನಗರದಲ್ಲಿ ರ್‍ಯಾಪ್ ಬ್ಯಾಟಲ್ ನೋಡಿದವರಿಗೆ ಈ ಆಟ ಹತ್ತೇ ನಿಮಿಷದಲ್ಲಿ ಅರ್ಥವಾಗುತ್ತದೆ. ವ್ಯತ್ಯಾಸ ಏನೆಂದರೆ ಇಲ್ಲಿ ಬೈಗುಳಕ್ಕೂ ಪುರಾಣದ ಆಧಾರ ಕೇಳುತ್ತಾರೆ. ಕೊನೆಯ ನುಡಿಯಲ್ಲಿ ಊರು, ಕವಿಯ ಹೆಸರು ಇಲ್ಲಿಯೂ ಬರುತ್ತದೆ. ಒಂದೇ ಮೇಳದ ಬೆನ್ನಿಗೆ ನಿಂತರೆ ಅರ್ಧ ಜಗಳ ಮಾತ್ರ ಕೇಳಿಸುತ್ತದೆ, ಎರಡರ ನಡುವೆ ಪಕ್ಕಕ್ಕೆ ನಿಲ್ಲಿ.

ರಿವಾಯತ್ ಪದಗಳಿಗೆ ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಎಲ್ಲರೂ ಹೇಳುವ ಹೆಸರು. ಹೋಗಿ ನೋಡಲೇಬೇಕಾದ್ದು ನಿಜ, ಆದರೆ ಆ ಜನಜಾತ್ರೆಯಲ್ಲಿ ಪದದ ಮಾತು ಕಿವಿಗೆ ಬೀಳುವುದು ಕಷ್ಟ. ಪದ ಕೇಳಬೇಕೆಂದರೆ ಸುತ್ತಲಿನ ಸಣ್ಣ ಊರಿಗೆ ಹೋಗಿ. ಅಲಾಯಿ ಕುಣಿಗೆ (ಮೊಹರಂ ಬೆಂಕಿಯ ಗುಂಡಿಗೆ) ಗುದ್ದಲಿ ಹಾಕಿದ ಮೇಲೆ ರಾತ್ರಿ ರಾತ್ರಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುತ್ತಾರೆ, ಹಾಡುವವರಲ್ಲಿ ಹಿಂದೂಗಳೂ ಮುಸ್ಲಿಮರೂ ಇರುತ್ತಾರೆ. ಕರ್ಬಲಾದ ಕಥೆ ಕನ್ನಡದಲ್ಲಿ, ಈ ಮಣ್ಣಿನ ಧಾಟಿಯಲ್ಲಿ ಬರುತ್ತದೆ. ಮೊದಲ ನಾಲ್ಕೈದು ರಾತ್ರಿಗಳು ಕೇಳುವವರಿಗೆ ಒಳ್ಳೆಯವು. ಕೊನೆಯ ಎರಡು ದಿನ ಕುಣಿತ, ಹಲಗಿಯ ಸದ್ದು ಏರಿ ಹಾಡು ಮುಚ್ಚಿಹೋಗುತ್ತದೆ.

ಈಗ ರಸಮಂಜರಿ. ನಿಮ್ಮ ಪಟ್ಟಿಯಿಂದ ಇದನ್ನು ತೆಗೆದುಹಾಕಿದ್ದೀರಿ ಅನಿಸುತ್ತದೆ, ಅದು ತಪ್ಪು. ಅರ್ಧ ರಾತ್ರಿ ಸಿನಿಮಾ ಹಾಡು ಇರುವುದು ಖರೆ. ಆದರೆ ಫ್ಲೆಕ್ಸ್‌ನಲ್ಲಿ ‘ಜಾನಪದ ಕಲಾವಿದರು’ ಅಂತ ಫೋಟೋ ಹಾಕಿದವರು ತಮ್ಮದೇ ಹಾಡು ಇರುವವರು. ಫೋಟೋ ನೋಡಿ ಯೂಟ್ಯೂಬ್‌ನಲ್ಲಿ ಹೆಸರು ಹುಡುಕಿ, ವಿಡಿಯೋದ ಕೆಳಗಿನ ವಿವರ ಓದಿ. ಸಾಹಿತ್ಯ ಯಾರದು, ಹಾಡಿದವರು ಯಾರು, ಯಾವ ಊರಿನ ಸ್ಟುಡಿಯೋ, ಕಾರ್ಯಕ್ರಮಕ್ಕೆ ಯಾರಿಗೆ ಫೋನ್ ಮಾಡಬೇಕು, ಎಲ್ಲಾ ಅಲ್ಲಿರುತ್ತದೆ. ಸಾಹಿತ್ಯ ಮತ್ತು ಗಾಯನ ಎರಡಕ್ಕೂ ಒಂದೇ ಹೆಸರು ಇದ್ದವರನ್ನು ಗುರುತು ಹಾಕಿಕೊಳ್ಳಿ.

ಇಲ್ಲಿ ಕೈ ಕೊಡುವುದು ಸಮಯ. ಹೆಸರಾದವರನ್ನು ಜನ ಎದ್ದುಹೋಗದಿರಲಿ ಅಂತ ಕೊನೆಗೆ ಇಟ್ಟಿರುತ್ತಾರೆ. ಆದರೆ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆಯವರೆಗೆ ಸಡಿಲಿಕೆ ಕೊಡಬಹುದು. ಸಡಿಲಿಕೆ ಇಲ್ಲದ ಊರಲ್ಲಿ ಭಾಷಣ, ಸನ್ಮಾನ ಅಂತ ಒಂಬತ್ತೂವರೆ ಆಗಿ, ನೀವು ಕಾದ ಹಾಡುಗಾರರು ಎರಡು ಹಾಡು ಹಾಡುವಷ್ಟರಲ್ಲಿ ಪೊಲೀಸರು ಬಂದು ನಿಲ್ಲಿಸುತ್ತಾರೆ. ಹೊರಡುವ ಮುಂಚೆ ಮೈಕ್ ಸೆಟ್‌ನವರಿಗೆ ‘ಪರ್ಮಿಷನ್ ಎಷ್ಟರ ತನಕ?’ ಅಂತ ಒಂದು ಫೋನ್ ಮಾಡಿದರೆ ಈ ಪಾಡಿಲ್ಲ.

ಕಿವಿಯ ಬಗ್ಗೆಯೂ ಹೇಳಬೇಕು. 85 ಡೆಸಿಬೆಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು ಅನ್ನುವುದು ಕೆಲಸದ ಜಾಗಗಳಿಗೆ ಸಾಮಾನ್ಯವಾಗಿ ಬಳಸುವ ಅಳತೆ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಬಾಕ್ಸ್‌ಗಳ ಎದುರು ನಿಂತರೆ ನೂರು ದಾಟುವುದು ಕಷ್ಟವೇನಲ್ಲ. ಮಿಕ್ಸರ್ ಇಟ್ಟ ಜಾಗದ ಹಿಂದೆ ನಿಲ್ಲಿ, ಆಪರೇಟರ್ ತನ್ನ ಕಿವಿಗೆ ಸರಿ ಮಾಡಿಕೊಳ್ಳುವುದು ಅಲ್ಲೇ. ಫೋಮ್ ಇಯರ್‌ಪ್ಲಗ್ ಬಳಸುವವರು ಅದನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಅಂಚಿಗೆ ಸಿಕ್ಕಿಸಿದರೆ ಉಪಯೋಗವಿಲ್ಲ.

ಸರ್ಕಾರಿ ಉತ್ಸವಗಳು, ಅಂದರೆ ಹಂಪಿ, ಆನೆಗೊಂದಿ, ಕನಕಗಿರಿ ಉತ್ಸವಗಳಿಗೆ ಹೋದರೆ ದೊಡ್ಡ ವೇದಿಕೆಯನ್ನು ಜನರಿಗೆ ಬಿಟ್ಟುಕೊಟ್ಟು ಸಣ್ಣ ವೇದಿಕೆಗೆ ಹೋಗಿ. ಸ್ಥಳೀಯ ಮೇಳಗಳಿಗೆ ಅವಕಾಶ ಸಿಗುವುದು ಅಲ್ಲಿಯೇ, ಅದೂ ಸಂಜೆ ಬೆಳಕಿರುವಾಗ. ಬಳ್ಳಾರಿಯ ರಾಘವ ಕಲಾಮಂದಿರ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ, ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರ, ನಿಮ್ಮ ಊರಿನ ಸಾಹಿತ್ಯ ಭವನ ಇವುಗಳ ಕಾರ್ಯಕ್ರಮ ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಅದೇ ದಿನ ಬರುತ್ತದೆ. ಬಳ್ಳಾರಿಗೆ ಹೋದಾಗ ರಂಗಗೀತೆ ಕಾರ್ಯಕ್ರಮ ಬಿಡಬೇಡಿ. ರಂಗನಟಿ ಸುಭದ್ರಮ್ಮ ಮನ್ಸೂರ್ ಹಾಡಿದ ಊರು ಅದು, ಪೇಟಿಯ ಜೊತೆ ಕಂದ, ಪದ್ಯ ಎಸೆಯುವವರು ಇನ್ನೂ ಸಿಗುತ್ತಾರೆ. ಕಾಲೇಜು ಫೆಸ್ಟ್‌ಗಳಿಗೆ ಹೊರಗಿನವರನ್ನು ಬಿಡುವುದು ಕಡಿಮೆ, ಒಳಗಿನ ಒಬ್ಬ ವಿದ್ಯಾರ್ಥಿಯ ಪರಿಚಯ ಬೇಕು. ಅಲ್ಲಿ ರ್‍ಯಾಪ್ ಹುಡುಗರಿಗೆ ಸಿಗುವುದು ಹತ್ತು ನಿಮಿಷ, ಅದೂ ಟ್ರ್ಯಾಕ್ ಮೇಲೆ. ಹಾಡು ಮುಗಿಸಿ ಇಳಿದಾಗ ಮಾತಾಡಿಸಿ, ಫೋನ್ ನಂಬರ್ ತಗೊಳ್ಳಿ. ಮುಂದಿನ ಶೋ ಎಲ್ಲಿ ಅಂತ ಅವರೇ ಹೇಳುತ್ತಾರೆ.

ರೆಕಾರ್ಡಿಂಗ್ ಮಾಡಬಹುದು, ಆದರೆ ಮೊದಲು ಕೇಳಿ. ಮುಂದೆ ಹಾಡುವವರನ್ನೂ ಮಠದ ಹಿರಿಯರನ್ನೂ ಇಬ್ಬರನ್ನೂ ಕೇಳಬೇಕು. 1957ರ ಕಾಪಿರೈಟ್ ಕಾಯ್ದೆಯ 38ನೇ ಕಲಮಿನಲ್ಲಿ ಹಾಡಿದವರ ಹಾಡಿಕೆಯ ಮೇಲೆ ಅವರಿಗೆ 50 ವರ್ಷದ ಹಕ್ಕಿದೆ. ಪದ ಇನ್ನೂರು ವರ್ಷ ಹಳೆಯದಾದರೂ ಆ ರಾತ್ರಿಯ ಹಾಡಿಕೆ ಅವರದ್ದೇ. ಸ್ವಂತಕ್ಕೆ ಕೇಳಿಕೊಳ್ಳಲು ರೆಕಾರ್ಡ್ ಮಾಡುವುದಕ್ಕೆ 39ನೇ ಕಲಂ ಅವಕಾಶ ಕೊಡುತ್ತದೆ, ಯೂಟ್ಯೂಬ್‌ಗೆ ಹಾಕುವುದಕ್ಕೆ ಅಲ್ಲ. ಹಾಕಲೇಬೇಕೆಂದರೆ ಒಪ್ಪಿಗೆ ತಗೊಂಡು ಊರು, ಮಂಡಳಿ, ಅಂಕಿತದವರ ಹೆಸರು ಹಾಕಿ.

ಫೋನ್ ರೆಕಾರ್ಡಿಂಗ್ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಫೋನಿನ ರೆಕಾರ್ಡರ್ ಮಾತಿಗಾಗಿ ಮಾಡಿದ್ದು. ಸದ್ದು ಕಡಿಮೆಯಾದಾಗ ತಾನೇ ಏರಿಸುತ್ತದೆ, ದಮ್ಮಡಿ ಪೆಟ್ಟು ಬಿದ್ದಾಗ ಗಕ್ಕನೆ ಇಳಿಸುತ್ತದೆ. ಆಮೇಲೆ ಕೇಳಿದರೆ ಪ್ರತಿ ಪೆಟ್ಟಿಗೂ ಹಾಡುವ ದನಿ ಮುಳುಗಿ ಎದ್ದಂತೆ ಇರುತ್ತದೆ. ಈ ಆಟೋ ಗೇನ್ ಆಫ್ ಮಾಡಲು ಬರುವ ಆ್ಯಪ್ ಹಾಕಿಕೊಳ್ಳಿ. ವೇವ್ ಫೈಲು, 48 ಕಿಲೋಹರ್ಟ್ಸ್, 24 ಬಿಟ್ ಇಡಿ. ಸ್ಟೀರಿಯೋ ಆದರೆ ಗಂಟೆಗೆ ಸುಮಾರು 1 ಜಿಬಿ ಹಿಡಿಯುತ್ತದೆ, ಆರು ಗಂಟೆಯ ಭಜನೆಗೆ 7 ಜಿಬಿ ಖಾಲಿ ಇಟ್ಟುಕೊಂಡೇ ಹೋಗಿ. ಮೀಟರಿನ ಮುಳ್ಳು ಜೋರಾದ ಸೊಲ್ಲಿನಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಇರಲಿ. ಮೊದಲ ಪದದಲ್ಲಿ ಅಷ್ಟು ಇಟ್ಟರೆ ಸಾಕು ಅಂದುಕೊಳ್ಳಬೇಡಿ, ನಡುರಾತ್ರಿ ಗಂಟಲು ಬಿಸಿಯಾದ ಮೇಲೆ ಸದ್ದು ಏರಿಯೇ ಏರುತ್ತದೆ. ಫೋನನ್ನು ಹಾಡುವವರಿಂದ ಒಂದೂವರೆ ಎರಡು ಮೀಟರ್ ದೂರ, ದಮ್ಮಡಿಯ ಕಡೆಗೆ ಬೆನ್ನು ಮಾಡಿ, ಮಡಚಿದ ಟವೆಲ್ ಮೇಲೆ ಇಡಿ. ಬರೀ ನೆಲದ ಮೇಲೆ ಇಟ್ಟರೆ ತಾಳ ಹಾಕುವ ಕಾಲಿನ ಧಡಧಡ ಎಲ್ಲಾ ಹತ್ತುತ್ತದೆ. ಫ್ಲೈಟ್ ಮೋಡ್ ಮರೆಯಬೇಡಿ, ಒಂದು ಕಾಲ್ ಬಂದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ. ಮೈಕ್ ಸೆಟ್ ಇದ್ದ ಕಡೆ ಎಕೋ ಜಾಸ್ತಿ ಇಟ್ಟಿರುತ್ತಾರೆ. ಸ್ಪೀಕರಿನ ಎದುರು ಅಲ್ಲ, ಹಾಡುವವರ ಬಾಯಿಯ ದನಿ ನೇರ ಬರುವಷ್ಟು ಹತ್ತಿರ ಹೋಗಿ.

ಗಿಟಾರಿನ ಮಾತಿಗೆ ಬರೋಣ. ಪೇಟಿಯವರು ಶ್ರುತಿಯನ್ನು ಮನೆಯ, ಅಂದರೆ ಬೆರಳಲ್ಲಿ ಒತ್ತುವ ಕೀಗಳ ಲೆಕ್ಕದಲ್ಲಿ ಹೇಳುತ್ತಾರೆ: ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಹೀಗೆ. ಬಿಳಿ ಒಂದು ಅಂದರೆ ನಿಮ್ಮ ಸಿ. ಕರಿ ಒಂದು ಸಿ ಶಾರ್ಪ್, ಕರಿ ಎರಡು ಡಿ ಶಾರ್ಪ್, ಬಿಳಿ ನಾಲ್ಕು ಎಫ್, ಕರಿ ಮೂರು ಎಫ್ ಶಾರ್ಪ್. ಕರಿ ಎರಡಕ್ಕೆ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್ಪು) ಮೊದಲ ಫ್ರೆಟ್ಟಿಗೆ ಹಾಕಿ ಡಿ ಆಕಾರ ಹಿಡಿಯಿರಿ. ಬಿಳಿ ನಾಲ್ಕಕ್ಕೆ ಮೂರನೇ ಫ್ರೆಟ್ಟು, ಡಿ ಆಕಾರವೇ. ಕರಿ ಮೂರಕ್ಕೆ ಎರಡನೇ ಫ್ರೆಟ್ಟಿನಲ್ಲಿ ಇ ಆಕಾರ. ಸ್ಕೇಲ್ ಚೇಂಜರ್ ಪೇಟಿಯಾದರೆ ಬಾಯಿಮಾತು ನಂಬಬೇಡಿ. ಮನೆ ಸರಿಸಿದ್ದರೆ ಕರಿ ಎರಡು ಒತ್ತಿದಾಗ ಬರುವ ಸ್ವರವೇ ಬೇರೆ. ಟ್ಯೂನರ್ ಆ್ಯಪ್ ಹಚ್ಚಿ ಒಂದು ಷಡ್ಜ ಎಳೆಯಲು ಹೇಳಿ.

ಟ್ಯೂನರ್ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಹಳೆಯ ಪೇಟಿಗಳ ಷಡ್ಜ 440ರ ಲೆಕ್ಕಕ್ಕೆ (‘ಎ’ ಸ್ವರ 440 ಹರ್ಟ್ಸ್ ಅನ್ನುವ ಅಳತೆಗೆ) ಸರಿಯಾಗಿ ಕೂಡುವುದಿಲ್ಲ, 445ಕ್ಕೆ ಏರಿದ್ದರೆ ಆಗಲೇ ಸುಮಾರು 20 ಸೆಂಟ್, ಅಂದರೆ ಅರ್ಧ ಸ್ವರದ ಐದನೇ ಒಂದು ಪಾಲು ವ್ಯತ್ಯಾಸ. ಪೇಟಿಯ ರೀಡನ್ನು ಕೆರೆದು ಸರಿ ಮಾಡುವುದು ರಿಪೇರಿಯವರ ಕೆಲಸ, ಕೂತಲ್ಲಿ ಆಗುವುದಲ್ಲ. ಬಗ್ಗಬೇಕಾದ್ದು ಗಿಟಾರೇ. ಟ್ಯೂನರಿನ 440 ಅನ್ನುವ ಮೂಲ ಸಂಖ್ಯೆಯನ್ನು ಪೇಟಿಗೆ ಹೊಂದಿಸಿ, ಆರೂ ತಂತಿ ಮತ್ತೆ ಎಳೆದುಕೊಳ್ಳಿ, ಕೇಪೋ ಹಾಕಿದ ಮೇಲೆ ಇನ್ನೊಮ್ಮೆ ನೋಡಿ.

ಇಲ್ಲಿಯ ಪದಗಳಿಗೆ ಮೇಜರ್, ಮೈನರ್ ಕಾರ್ಡ್ ಹೊಡೆದರೆ ಬೇಗ ಎಡವುತ್ತೀರಿ. ಹಾಡುವವರು ಒಂದೇ ಪದದಲ್ಲಿ ಎರಡೂ ಗಾಂಧಾರ ಮುಟ್ಟಿ ಬರುತ್ತಾರೆ, ನಿಮ್ಮ ಕಾರ್ಡಿನೊಳಗಿನ ಗಾಂಧಾರ ಅದಕ್ಕೆ ಅಡ್ಡ ನಿಲ್ಲುತ್ತದೆ. ಷಡ್ಜ, ಪಂಚಮ ಎರಡೇ ಸ್ವರ ಹಿಡಿದು ಏಕತಾರಿಯ ಕೆಲಸ ಮಾಡಿ. ತಾಳ ಹೆಚ್ಚಾಗಿ ಎಂಟು ಮಾತ್ರೆಯ ಭಜನಿ ಠೇಕಾ, ಇಲ್ಲವೇ ಆರು ಮಾತ್ರೆಯ ದಾದರಾ. ಕೊನೆಯ ಸೊಲ್ಲಿಗೆ ಲಯ ದುಗುನಿಗೆ, ಅಂದರೆ ಎರಡು ಪಟ್ಟು ವೇಗಕ್ಕೆ ಹಾರುತ್ತದೆ. ಸ್ಟ್ರಮ್ ಮಾಡುವವರು ಸಿಕ್ಕಿಬೀಳುವುದು ಅಲ್ಲಿಯೇ. ಹಾರುವ ಮುಂಚೆ ತಾಳದವರು ಪೇಟಿ ಮಾಸ್ತರ ಮುಖ ನೋಡುತ್ತಾರೆ, ನೀವೂ ಅಲ್ಲೇ ನೋಡುತ್ತಿರಿ.

ಮೊದಲ ಎರಡು ಸಲ ಗಿಟಾರ್ ಒಯ್ಯಬೇಡಿ, ಬರೀ ಕೈಯಲ್ಲಿ ಹೋಗಿ. ಚಿಟಿಕೆ ತಾಳವನ್ನು ಕೈಗಿಟ್ಟು “ಹಿಡೀರಿ” ಅಂದರೆ ಒಲ್ಲೆ ಅನ್ನಬೇಡಿ. ಮೂರನೇ ಅಮಾವಾಸ್ಯೆಗೆ ಅವರೇ ಗಿಟಾರ್ ಕೇಳುತ್ತಾರೆ. ಆಗ ಬಸ್ಸಿನ ಮೇಲೆ ಹಾಕದೆ ತೊಡೆಯ ಮೇಲೆ ಇಟ್ಟುಕೊಂಡು ಒಯ್ಯಿರಿ, ಬಿಸಿಲಿಗೆ ಕಾದ ಟಾಪಿನ ಮೇಲೆ ಅಂಟು ಬಿಡುತ್ತದೆ. ಒಂದು ಜೊತೆ ಹೆಚ್ಚಿನ ತಂತಿ, ಕೇಪೋ, ಮತ್ತೆ ಒಂದು ದಪ್ಪ ಶಾಲು ಇರಲಿ. ಮಠದ ಕಲ್ಲು ನೆಲ ನಾಲ್ಕು ಗಂಟೆಯ ಹೊತ್ತಿಗೆ ಬರ್ಫಿನ ಹಾಗೆ ಆಗಿರುತ್ತದೆ, ಬೆಳಗಿನ ವಸ್ತಿ ಬಸ್ಸಿಗೆ ಇನ್ನೂ ಎರಡು ತಾಸು ಇರುತ್ತದೆ.